ಅಮ್ಮನ ಸೊಂಟಕ್ಕೆ ಸಿಮೆಂಟ್ ಇರುವ ರಾಡೋ, ಇಲ್ಲದ್ದೋ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 76 ವರ್ಷ. ಎಡಗಡೆ ಸೊಂಟದ ಕೀಲು ಪೂರ್ತಿ ಸವೆದಿದೆ. ಕೀಲು ಬದಲಿಸುವ ಆಪರೇಷನ್ ಗೊತ್ತಾಗಿದೆ. ತೊಡೆ ಮೂಳೆಯೊಳಗಿನ ರಾಡನ್ನು ಸಿಮೆಂಟ್ ಹಾಕಿ ಕೂರಿಸುತ್ತಾರಂತೆ. ನನ್ನ ಚಿಕ್ಕಪ್ಪನ ಮಗನಿಗೆ 38 ವರ್ಷ. ಅವನಿಗೆ ಸಿಮೆಂಟ್ ಇಲ್ಲದ ಟೈಟಾನಿಯಂ ರಾಡ್ ಹಾಕಿದ್ದಾರೆ. ಅದೇ ಹೊಸದು, ಅದನ್ನೇ ಕೇಳು ಅಂತ ಮನೆಯವರೆಲ್ಲ ಹೇಳುತ್ತಿದ್ದಾರೆ. ದುಡ್ಡು ಹೇಗೋ ಹೊಂದಿಸುತ್ತೇವೆ. ಅಮ್ಮ ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಏನು ಮಾಡಲಿ?
– ಓದುಗಿ, ಸಾಗರ

ಉತ್ತರ: ನೀವು ಕೊನೆಯಲ್ಲಿ ಬರೆದ ಮಣಿಕಟ್ಟಿನ ವಿಷಯವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಈ ವಯಸ್ಸಿನಲ್ಲಿ ಬರೀ ಜಾರಿ ಬಿದ್ದದ್ದಕ್ಕೆ ಮೂಳೆ ಮುರಿದರೆ, ಮೂಳೆ ಟೊಳ್ಳಾಗಿದೆ ಎಂದೇ ನಾವು ಅನುಮಾನ ಪಡುತ್ತೇವೆ.

ನೀವು ರಾಡ್ ಎನ್ನುವುದನ್ನು ನಾವು ಸ್ಟೆಮ್ ಎನ್ನುತ್ತೇವೆ. ಸಿಮೆಂಟ್ ಇಲ್ಲದ ಸ್ಟೆಮ್ಮನ್ನು ತೊಡೆ ಮೂಳೆಯ ಪೊಳ್ಳಿಗೆ ಸುತ್ತಿಗೆಯಿಂದ ಹೊಡೆದು ಬಿಗಿಯಾಗಿ ಕೂರಿಸುತ್ತೇವೆ. ಆಮೇಲೆ ಅದರ ಒರಟು ಮೈಗೆ ರೋಗಿಯ ಮೂಳೆಯೇ ಬೆಳೆದು ಹಿಡಿದುಕೊಳ್ಳಬೇಕು. ಇದಕ್ಕೆ ವಾರಗಟ್ಟಲೆ ಬೇಕು. ಆ ಹೊತ್ತಿನಲ್ಲಿ ಸುಮಾರು 0.15 ಮಿಲಿಮೀಟರ್‌ಗಿಂತ ಜಾಸ್ತಿ ಅಲುಗುತ್ತಿದ್ದರೆ ಮೂಳೆಯ ಬದಲು ನಾರಿನಂಥ ಪದರ ಬೆಳೆಯುತ್ತದೆ. ಸ್ಟೆಮ್ ಸಡಿಲವಾಗಿಯೇ ಉಳಿಯುತ್ತದೆ.

ನಿಮ್ಮ ತಮ್ಮನ ವಯಸ್ಸಿನಲ್ಲಿ ಮೂಳೆಯ ಗೋಡೆ ಸಾಮಾನ್ಯವಾಗಿ ದಪ್ಪ. ಆ ಹೊಡೆತ ತಡೆಯುತ್ತದೆ, ಬೇಗ ಬೆಳೆಯುತ್ತದೆ. ಅಮ್ಮನಂಥವರಲ್ಲಿ ಗೋಡೆ ತೆಳ್ಳಗಾಗಿ ಪೊಳ್ಳು ಅಗಲವಾಗಿರುತ್ತದೆ. ಬಿಗಿಯಾಗಿ ಹೊಡೆದರೆ ಅಲ್ಲೇ ಬಿರುಕು ಬಿಡಬಹುದು, ಅಥವಾ ಮನೆಗೆ ಹೋದ ಮೇಲೆ ಮುರಿಯಬಹುದು. ಸ್ಟೆಮ್ ಸುತ್ತ ಮೂಳೆ ಮುರಿಯಿತೆಂದರೆ ಮೊದಲಿಗಿಂತ ದೊಡ್ಡ ಆಪರೇಷನ್ ಬೇಕಾಗಬಹುದು. ಆ ವಯಸ್ಸಿನಲ್ಲಿ ಅದರಿಂದ ಏಳುವುದು ಬಹಳ ಕಷ್ಟ. ನಾನು ಹೆದರುವುದು ಇದಕ್ಕೇ.

ಸಿಮೆಂಟ್ ಹಳೆಯ ವಿಧಾನ, ನಿಜ. 1960ರ ದಶಕದ ಆರಂಭದಲ್ಲೇ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಇದನ್ನು ಗಟ್ಟಿಯಾಗಿ ನೆಲೆ ನಿಲ್ಲಿಸಿದರು. ಇದು ಮನೆ ಕಟ್ಟುವ ಸಿಮೆಂಟ್ ಅಲ್ಲ, ಅಕ್ರಿಲಿಕ್. ಕಟ್ಟಿಸಿದ ಹಲ್ಲಿನ ಸೆಟ್ಟಿನಲ್ಲಿ ಬಳಸುವಂಥದ್ದು. ಅಂಟಿನ ಹಾಗೆ ಅಂಟಿಸುವುದಿಲ್ಲ. ಕಲ್ಲಿನ ಸಂದಿಗೆ ಗಾರೆ ತುಂಬಿದಂತೆ ಸ್ಟೆಮ್ಮಿಗೂ ಮೂಳೆಗೂ ನಡುವಿನ ಜಾಗ ತುಂಬಿ, ಭಾರವನ್ನು ಸುತ್ತಲೂ ಹಂಚುತ್ತದೆ. ಹತ್ತು-ಹದಿನೈದು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. 1970ರಲ್ಲಿ ಎಕ್ಸೆಟರ್‌ನಲ್ಲಿ ಬಂದ ನುಣುಪು ಮೈಯ ಸ್ಟೆಮ್ ಸಣ್ಣಪುಟ್ಟ ಬದಲಾವಣೆಯೊಂದಿಗೆ ಇವತ್ತಿಗೂ ಬಳಕೆಯಲ್ಲಿದೆ. ಅಂಥದ್ದನ್ನು ಹಾಕಿದ್ದರೆ ಅದು ಸಿಮೆಂಟಿನೊಳಗೆ ಒಂದೆರಡು ಮಿಲಿಮೀಟರ್ ಕೆಳಗಿಳಿಯುತ್ತದೆ. ಮುಂದೆ ಎಕ್ಸ್‌ರೇ ನೋಡಿ ಯಾರಾದರೂ "ಇಳಿದಿದೆ" ಅಂದರೆ ಗಾಬರಿಯಾಗಬೇಡಿ. ಹಾಗೆ ಇಳಿದು ಬಿಗಿಯಾಗಲಿ ಎಂದೇ ಅದನ್ನು ಮಾಡಿರುವುದು.

ಸಿಮೆಂಟಿಗೂ ತೊಂದರೆ ಇದೆ. ಅದನ್ನು ಒತ್ತಿ ತುಂಬುವಾಗ ಕೆಲವರಿಗೆ ಬಿಪಿ, ಆಮ್ಲಜನಕ ಇಳಿಯುತ್ತದೆ. ಅಮ್ಮನಿಗೆ ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಮೊದಲೇ ಹೇಳಿ, ಏನೂ ಮುಚ್ಚಿಡಬೇಡಿ. ಮುಂದೆ ಸ್ಟೆಮ್ ಬದಲಿಸುವ ಪ್ರಸಂಗ ಬಂದರೆ ಸಿಮೆಂಟ್ ಕೆರೆದು ತೆಗೆಯುವುದೂ ಶ್ರಮದ ಕೆಲಸ. 38 ವರ್ಷದವರಿಗೆ ನಾವು ಅದನ್ನು ಯೋಚಿಸಲೇಬೇಕು.

ಎಕ್ಸ್‌ರೇ ನಾನು ನೋಡಿಲ್ಲ. ಆದರೂ ನೀವು ಬರೆದಷ್ಟರಲ್ಲಿ ನಿಮ್ಮ ಡಾಕ್ಟರು ಹೇಳಿದ್ದು ಸರಿಯಾಗಿಯೇ ಇದೆ. ಸಿಮೆಂಟ್ ಇಲ್ಲದ ಸ್ಟೆಮ್ಮಿಗೆ ಸಾಮಾನ್ಯವಾಗಿ ಬೆಲೆ ಜಾಸ್ತಿ. ಬೆಲೆ ಜಾಸ್ತಿ ಅಂತ ಅಮ್ಮನಿಗೆ ಅದು ಮೇಲಾಗುವುದಿಲ್ಲ. ಹೊಂದಿಸಿದ ದುಡ್ಡಿನಲ್ಲಿ ಮನೆಯಲ್ಲಿ ಎತ್ತರದ ಕಮೋಡ್ ಹಾಕಿಸಿ, ಬಚ್ಚಲಿನ ಗೋಡೆಗೆ ಹಿಡಿಕೆ ಕೂರಿಸಿ. ಕುಕ್ಕರಗಾಲಲ್ಲಿ ಕೂರುವುದು, ತಗ್ಗಿನ ಮಣೆ ಎರಡೂ ಬೇಡ.

ಇನ್ನೊಂದು ಮಾತು. ಮಣಿಕಟ್ಟು ಮುರಿದಾಗ ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿದ್ರಾ? ಔಷಧ ಶುರುವಾಗಿದೆಯಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಆಪರೇಷನ್‌ಗೆ ಮೊದಲೇ ಕೇಳಿ. ಆಪರೇಷನ್ ಆದ ಮೇಲೆ ಇಂಪ್ಲಾಂಟ್ ಪೊಟ್ಟಣದ ಸ್ಟಿಕ್ಕರ್ ಕೇಳಿ ಪಡೆದು ಫೈಲಿಗೆ ಅಂಟಿಸಿಡಿ. ಕಂಪನಿ, ಅಳತೆ, ಲಾಟ್ ನಂಬರ್ ಎಲ್ಲ ಅದರಲ್ಲಿರುತ್ತದೆ. ಮುಂದೆ ಯಾವ ಊರಿನ ಡಾಕ್ಟರು ನೋಡಿದರೂ ಮೊದಲು ಕೇಳುವುದು ಅದನ್ನೇ.