ಬಾನ್‌ಪೋ: ಚಾಪೆಯೋ, ಚಾಪೆಯ ಅಚ್ಚೋ?

ಚೀನಾದ ನವಶಿಲಾಯುಗದ ಊರಾದ ಬಾನ್‌ಪೋ ನೆಲೆಯಲ್ಲಿ ಚಾಪೆ ಸಿಕ್ಕಿತೆಂದು, ನೀವು ಪ್ರಬಂಧಕ್ಕಾಗಿ ಓದಿದ ಒಂದು ಲೇಖನವೂ ಇಲ್ಲವೆಂದು ಇನ್ನೊಂದೂ ಹೇಳುವುದಕ್ಕೆ, ಬಹುಶಃ ಚಾಪೆಯನ್ನೂ ಅದರ ಅಚ್ಚನ್ನೂ ಒಂದೇ ಎಂದು ಎಣಿಸಿರುವುದೇ ಕಾರಣ. ಮೊದಲು ಅಲ್ಲಿ ಸಿಕ್ಕ ಮಡಕೆಯ ತಳವನ್ನು ಗಮನಿಸಿ. ಹಸಿ ಮಡಕೆಯನ್ನು ಚಾಪೆಯ ಮೇಲಿಟ್ಟಾಗ ಮೂಡಿದ, ಒಂದರ ಮೇಲೊಂದು ಹಾದುಹೋಗುವ ಎಳೆಗಳ ಗುರುತು ಸುಟ್ಟ ಮೇಲೂ ಉಳಿಯುತ್ತದೆ. ಬಾನ್‌ಪೋದ ಪ್ರಸಿದ್ಧ ಸಾಕ್ಷ್ಯ ಇದೇ. ಇದರಿಂದ ಹೆಣಿಗೆಯ ಬಗೆ ತಿಳಿಯುತ್ತದೆಯೇ ಹೊರತು, ಅದು ಜೊಂಡೋ ಬಿದಿರೋ ಎಂದು ಖಚಿತವಾಗಿ ಹೇಳುವುದು ಕಷ್ಟ.

ಅನಂತರ ನೆಲೆಯ ಮಣ್ಣನ್ನು ವಿಚಾರಿಸಿ. ಚೀನಾದ ಝೆಜಿಯಾಂಗ್ ಪ್ರಾಂತ್ಯದ ಹೆಮುಡು ನೆಲೆಯಲ್ಲಿ ನೀರು ನಿಂತು ಗಾಳಿಯಾಡದ ಕಾರಣ ನಾರು ಕೊಳೆಯದೆ ಉಳಿದು, ಸುಮಾರು 7,000 ವರ್ಷ ಹಳೆಯ ಜೊಂಡಿನ ಚಾಪೆಯ ತುಂಡುಗಳೇ ದೊರೆತಿವೆ.  ಆದ್ದರಿಂದ ನಿಮ್ಮ ಪ್ರಬಂಧದಲ್ಲಿ ಬಾನ್‌ಪೋಗೆ ‘ಚಾಪೆಯ ಅಚ್ಚು’ ಎಂದೂ ಹೆಮುಡುವಿಗೆ ‘ಚಾಪೆ’ ಎಂದೂ ಬರೆಯಿರಿ.