ಪ್ರಶ್ನೋತ್ತರ: ಎಂಜಿನಿಯರಿಂಗ್ ಶಾಲೆಗೆ ಸಂಶೋಧನೆ ಏಕೆ ಬೇಕು?

ಪ್ರಶ್ನೆ: ಎಂಜಿನಿಯರಿಂಗ್ ಕಾಲೇಜಿನ ಕೆಲಸ ಎಂಜಿನಿಯರುಗಳನ್ನು ತಯಾರು ಮಾಡುವುದು. ಸಂಶೋಧನೆಗೆ ಸರ್ಕಾರಿ ಪ್ರಯೋಗಾಲಯಗಳಿವೆ, ದೊಡ್ಡ ಕಂಪನಿಗಳ ಆರ್ ಅಂಡ್ ಡಿ ವಿಭಾಗಗಳಿವೆ. ಹೀಗಿರುವಾಗ ವಿಶ್ವವಿದ್ಯಾಲಯಗಳ ದೊಡ್ಡ ಎಂಜಿನಿಯರಿಂಗ್ ಶಾಲೆಗಳು ಸಂಶೋಧನೆಗೆ ಇಷ್ಟೊಂದು ಹಣವನ್ನೂ ಸಮಯವನ್ನೂ ಏಕೆ ತೆಗೆದಿಡುತ್ತವೆ?

ಉತ್ತರ: ಒಂದೇ ಶಾಲೆಯನ್ನು ಹಿಡಿದು ಉತ್ತರಿಸಿದರೆ ವಿಷಯ ಸ್ಪಷ್ಟವಾದೀತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯವು ತನ್ನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆಗೆಂದೇ 1903ರಲ್ಲಿ ಒಂದು ಪ್ರಯೋಗ ಕೇಂದ್ರವನ್ನು ಸ್ಥಾಪಿಸಿತು. ಆ ದೇಶದಲ್ಲಿ ಇಂಥ ಎಂಜಿನಿಯರಿಂಗ್ ಕೇಂದ್ರ ಅದೇ ಮೊದಲನೆಯದು. ಅದಕ್ಕೆ ಮಾದರಿ ಸಿಕ್ಕಿದ್ದು ಕೃಷಿಯಿಂದ. 1887ರ ಹ್ಯಾಚ್ ಕಾಯಿದೆಯ ನೆರವಿನಿಂದ ಕೃಷಿ ಕಾಲೇಜುಗಳ ಜೊತೆಯಲ್ಲೇ ಪ್ರಯೋಗ ಕೇಂದ್ರಗಳು ಬೆಳೆದಿದ್ದವು. ರೈತನಿಗೆ ಬೇಕಾದ ಉತ್ತರವನ್ನು ಹೊಲದಲ್ಲಿ ಪರೀಕ್ಷಿಸಿ, ಕಂಡದ್ದನ್ನು ಯಾರು ಬೇಕಾದರೂ ಓದುವಂತೆ ಅಚ್ಚು ಹಾಕಿಸುವುದು ಅವುಗಳ ಕೆಲಸವಾಗಿತ್ತು. ಅದೇ ಕೆಲಸವನ್ನು ಕಟ್ಟಡ, ರೈಲು, ಬಾಯ್ಲರುಗಳಿಗೂ ಮಾಡಬೇಕೆಂಬುದು ಎಂಜಿನಿಯರಿಂಗ್ ಕೇಂದ್ರದ ಹಿಂದಿನ ಆಲೋಚನೆ.

ಕೇಂದ್ರದ ಮೊದಲ ಬುಲೆಟಿನ್ 1904ರದು. ಬರೆದವರು ಪ್ರಾಧ್ಯಾಪಕ ಆರ್ಥರ್ ಟಾಲ್ಬಟ್, ವಿಷಯ ಆರ್‌ಸಿಸಿ (ಉಕ್ಕಿನ ಸರಳು ಹುದುಗಿಸಿದ ಕಾಂಕ್ರೀಟ್) ತೊಲೆಗಳ ಪರೀಕ್ಷೆ. ಆ ಹೊತ್ತಿಗೆ ಆರ್‌ಸಿಸಿ ಕಟ್ಟಡಗಳು ಏಳುತ್ತಿದ್ದವು, ಆದರೆ ಒಂದೊಂದು ಕಂಪನಿಗೂ ತನ್ನದೇ ಪೇಟೆಂಟ್, ತನ್ನದೇ ಆಕಾರದ ಸರಳು, ತನ್ನದೇ ಲೆಕ್ಕಾಚಾರ. ತನ್ನ ಸರಳನ್ನು ಎದುರಾಳಿಯ ಸರಳಿನ ಪಕ್ಕದಲ್ಲಿಟ್ಟು ಮುರಿದು, ಫಲಿತಾಂಶವನ್ನು ಎಲ್ಲರ ಮುಂದೆ ಇಡುವ ಅಗತ್ಯ ಅವುಗಳಲ್ಲಿ ಯಾವುದಕ್ಕೂ ಇರಲಿಲ್ಲ. ಆ ಕೆಲಸಕ್ಕೆ ಸರಳು ಮಾರದ ಸಂಸ್ಥೆಯೊಂದು ಬೇಕಾಗಿತ್ತು.

ತೊಲೆಯನ್ನು ಮುರಿಯುವ ಪರೀಕ್ಷೆಯ ಪಕ್ಕದಲ್ಲಿ ಒಮ್ಮೆಯಾದರೂ ನಿಂತವರಿಗೆ ಇದರ ಬೆಲೆ ಗೊತ್ತು. ಎರಡು ಆಧಾರಗಳ ಮೇಲೆ ಮಲಗಿಸಿದ ತೊಲೆಯ ಮೇಲೆ ಭಾರ ಏರುತ್ತಾ ಹೋದಂತೆ ಅದರ ಕೆಳಭಾಗದಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುತ್ತದೆ. ವಿದ್ಯಾರ್ಥಿಯೊಬ್ಬ ಬಗ್ಗಿ ಆ ಬಿರುಕಿನ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಆ ಕ್ಷಣದ ಭಾರವನ್ನು ಪಕ್ಕದಲ್ಲೇ ಬರೆಯುತ್ತಾನೆ. ಭಾರ ಇನ್ನಷ್ಟು ಏರುತ್ತದೆ, ಬಿರುಕು ಇನ್ನೊಂದಿಷ್ಟು ಮೇಲೇರುತ್ತದೆ, ಮತ್ತೊಂದು ಗೆರೆ, ಮತ್ತೊಂದು ಅಂಕಿ. ಕೊನೆಗೆ ತೊಲೆ ಸೋತಾಗ ಅದರ ಮೈಮೇಲೆ ಉಳಿದಿರುವ ಆ ಪೆನ್ಸಿಲ್ ಬರಹವೇ ಸಂಶೋಧನೆಯ ಮೂಲ ದಾಖಲೆ. ಇಂಥ ತೊಲೆ ಒಂದಲ್ಲ, ಹತ್ತಾರು ಬೇಕು. ಪ್ರತಿಯೊಂದನ್ನೂ ಎರಕ ಹೊಯ್ದು, ವಾರಗಟ್ಟಲೆ ಕ್ಯೂರಿಂಗ್ ಮಾಡಿ, ಎಂದರೆ ಗಟ್ಟಿಯಾಗಲು ತೇವದಲ್ಲಿಟ್ಟು, ಕಾಯಬೇಕು. ಅಷ್ಟು ತಾಳ್ಮೆಯೂ ಅಷ್ಟು ಕೈಗಳೂ ಒಟ್ಟಿಗೆ ಸಿಗುವ ಜಾಗವೆಂದರೆ ಎಂಜಿನಿಯರಿಂಗ್ ಶಾಲೆ.

ಇಲಿನಾಯ್‌ನಲ್ಲೇ ಓದಿ ಅಲ್ಲೇ ಕೆಲಸಕ್ಕೆ ನಿಂತ ಡಫ್ ಏಬ್ರಮ್ಸ್, ಕಾಂಕ್ರೀಟಿಗೂ ಉಕ್ಕಿಗೂ ನಡುವಿನ ಹಿಡಿತದ ಬಗ್ಗೆ 1913ರಲ್ಲಿ ಬುಲೆಟಿನ್ ಬರೆದರು. ಆಮೇಲೆ ಅವರು ಷಿಕಾಗೋದ ಲೂಯಿಸ್ ಇನ್‌ಸ್ಟಿಟ್ಯೂಟಿಗೆ ಹೋಗಿ, ಕಾಂಕ್ರೀಟಿನ ಬಲವನ್ನು ಮುಖ್ಯವಾಗಿ ನಿರ್ಧರಿಸುವುದು ನೀರು ಮತ್ತು ಸಿಮೆಂಟಿನ ಅನುಪಾತ ಎಂಬ ನಿಯಮವನ್ನು 1918ರಲ್ಲಿ ಪ್ರಕಟಿಸಿದರು. ಇಂದಿಗೂ ಸೈಟಿನಲ್ಲಿ ಮಿಶ್ರಣಕ್ಕೆ ನೀರು ಸುರಿಯುವವನ ಕೈಯನ್ನು ಎಂಜಿನಿಯರು ತಡೆಯುವುದು ಇದೇ ಕಾರಣಕ್ಕೆ. ಶಾಲೆ ಕೊಟ್ಟದ್ದು ಬುಲೆಟಿನ್ನುಗಳನ್ನು ಮಾತ್ರವಲ್ಲ, ಹೇಗೆ ಪರೀಕ್ಷಿಸಬೇಕೆಂದು ಬಲ್ಲ ಮನುಷ್ಯನನ್ನೂ ಕೊಟ್ಟಿತು. ನಿಮ್ಮ ಪ್ರಶ್ನೆ ಬೋಧನೆಯನ್ನೂ ಸಂಶೋಧನೆಯನ್ನೂ ಎರಡು ಪ್ರತ್ಯೇಕ ಖಾತೆಗಳೆಂದು ಎಣಿಸುತ್ತದೆ. ನಾನು ಹಾಗೆ ಎಣಿಸಲಾರೆ.

ಪ್ರಶ್ನೆ: ಸಂಶೋಧನೆ ಎಂದರೆ ಪ್ರಾಧ್ಯಾಪಕರ ಕೆಲಸ, ವಿದ್ಯಾರ್ಥಿಗಳು ಅವರು ಹೇಳಿದ್ದನ್ನು ಮಾಡುವ ಸಹಾಯಕರು ಎಂಬ ಮಾತು ನಿಜವೇ?

ಉತ್ತರ: ಕೆಲವು ಕಡೆ ದುರದೃಷ್ಟವಶಾತ್ ನಿಜ. ಆದರೆ ಒಳ್ಳೆಯ ಶಾಲೆಯಲ್ಲಿ ಹಾಗಿರುವುದಿಲ್ಲ, ಇರಲೂಬಾರದು.

ಟ್ರಾನ್ಸಿಸ್ಟರನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಜಾನ್ ಬಾರ್ಡೀನ್ 1951ರಲ್ಲಿ ಇಲಿನಾಯ್‌ಗೆ ಬಂದು, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮತ್ತು ಭೌತಶಾಸ್ತ್ರ ಎರಡರಲ್ಲೂ ಪ್ರಾಧ್ಯಾಪಕರಾದರು. ಕೆಲವು ಲೋಹಗಳು ಅತಿಶೀತದಲ್ಲಿ ವಿದ್ಯುತ್ ನಿರೋಧವನ್ನು ಪೂರ್ತಿ ಕಳೆದುಕೊಳ್ಳುವುದು 1911ರಿಂದಲೂ ತಿಳಿದಿದ್ದರೂ, ಏಕೆಂಬುದು ದಶಕಗಳ ಕಾಲ ಯಾರಿಗೂ ಬಿಡಿಸಲಾಗದ ಒಗಟಾಗಿತ್ತು. ಬಾರ್ಡೀನ್ ಅದನ್ನು ರಾಬರ್ಟ್ ಶ್ರೀಫರ್ ಎಂಬ ಪಿಎಚ್.ಡಿ. ವಿದ್ಯಾರ್ಥಿಗೆ ವಿಷಯವಾಗಿ ಒಪ್ಪಿಸಿದರು. 1956ರ ಕೊನೆಯಲ್ಲಿ, ಟ್ರಾನ್ಸಿಸ್ಟರಿಗಾಗಿ ಬಂದ ನೊಬೆಲ್ ಪಡೆಯಲು ಬಾರ್ಡೀನ್ ಸ್ಟಾಕ್‌ಹೋಮಿಗೆ ಹೊರಟಾಗ ಶ್ರೀಫರ್ ವಿಷಯವನ್ನೇ ಬಿಟ್ಟುಬಿಡುವ ಯೋಚನೆಯಲ್ಲಿದ್ದರು. ಇನ್ನೊಂದು ತಿಂಗಳು ಪ್ರಯತ್ನಿಸಿ ನೋಡು ಎಂದು ಬಾರ್ಡೀನ್ ಹೇಳಿ ಹೋದರು. 1957ರ ಆರಂಭದಲ್ಲಿ ನ್ಯೂಯಾರ್ಕಿನ ಸಬ್‌ವೇ ರೈಲಿನಲ್ಲಿ ಕುಳಿತಿದ್ದಾಗ ಶ್ರೀಫರ್ ಬರೆದುಕೊಂಡ ತರಂಗ ಸೂತ್ರವೇ ಆ ಒಗಟನ್ನು ಬಿಡಿಸಿದ, ಮೂವರ ಹೆಸರಿನ ಮೊದಲಕ್ಷರಗಳಿಂದ ಬಿಸಿಎಸ್ ಎನಿಸಿಕೊಂಡ ಸಿದ್ಧಾಂತದ ಕೀಲಿಯಾಯಿತು. ನಡುವಿನ ‘ಸಿ’ ಅವರ ಜೊತೆಗಾರ ಕೂಪರ್ ಅವರದು. ಅವರೂ ಆಗ ಪಿಎಚ್.ಡಿ. ಮುಗಿಸಿ ಕೆಲವೇ ವರ್ಷಗಳಾಗಿದ್ದ ತರುಣ. ಮೂವರಿಗೂ 1972ರಲ್ಲಿ ನೊಬೆಲ್ ಬಂತು. ಮಾರ್ಗದರ್ಶಕನ ಕೆಲಸ ಏನೆಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಒಂದು ತಿಂಗಳು.

ಹತ್ತಿರದ ಕಾಲದ ಉದಾಹರಣೆಯೂ ಅಲ್ಲಿಯದೇ ಇದೆ. ಕ್ರಿಸ್ ಲ್ಯಾಟ್ನರ್ ಎಂಬ ವಿದ್ಯಾರ್ಥಿ, ಪ್ರಾಧ್ಯಾಪಕ ವಿಕ್ರಮ್ ಆಡ್ವೆ ಅವರ ಜೊತೆ 2000ದಲ್ಲಿ ಆರಂಭಿಸಿದ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ತಂತ್ರಾಂಶವು ಮುಕ್ತವಾಗಿ ಬಿಡುಗಡೆಯಾಗಿ, ಇಂದು ಅಸಂಖ್ಯ ಮೊಬೈಲ್ ಆ್ಯಪುಗಳನ್ನು ಯಂತ್ರಭಾಷೆಗೆ ಇಳಿಸುತ್ತಿದೆ.

ಪ್ರಶ್ನೆ: ಶಾಲೆ ದೊಡ್ಡದಾಗಿರಲೇಬೇಕೇ? ಚಿಕ್ಕ ಕಾಲೇಜಿನಲ್ಲಿ ಒಳ್ಳೆಯ ಸಂಶೋಧನೆ ಆಗದೇ?

ಉತ್ತರ: ಖಂಡಿತ ಆಗುತ್ತದೆ. ಆದರೂ ಕೆಲವು ಕೆಲಸಗಳು ಹಲವು ವಿಭಾಗಗಳು ಕೂಗಳತೆಯಲ್ಲಿದ್ದಾಗ ಮಾತ್ರ ಆಗುತ್ತವೆ. ಇಲಿನಾಯ್‌ನಲ್ಲಿ 1952ರಲ್ಲಿ ವಿಶ್ವವಿದ್ಯಾಲಯವೇ ಕಟ್ಟಿಕೊಂಡ ಇಲಿಯಾಕ್ ಎಂಬ ಕಂಪ್ಯೂಟರ್ ಇತ್ತು; ಅದನ್ನು ಬಳಸಿ ಪಾಠ ಹೇಳಿಸುವ ಪ್ಲೇಟೋ ಎಂಬ ವ್ಯವಸ್ಥೆಯನ್ನು ಡೊನಾಲ್ಡ್ ಬಿಟ್ಜರ್ 1960ರಲ್ಲಿ ಆರಂಭಿಸಿದರು. ತೊಡಕಾದದ್ದು ಪರದೆಯಲ್ಲಿ. ಪರದೆಯ ಮೇಲಿನ ಚಿತ್ರವನ್ನು ಹಿಡಿದಿಡಲು ಮೆಮೊರಿ ಬೇಕು, ಆ ಕಾಲಕ್ಕೆ ಮೆಮೊರಿ ಬಲು ದುಬಾರಿ. ಹಾಗಾದರೆ ಪರದೆಯೇ ನೆನಪಿಟ್ಟುಕೊಳ್ಳಲಿ ಎಂದು ಬಿಟ್ಜರ್, ಜೀನ್ ಸ್ಲಾಟೋ ಮತ್ತು ವಿದ್ಯಾರ್ಥಿ ರಾಬರ್ಟ್ ವಿಲ್ಸನ್ 1964ರಲ್ಲಿ ಪ್ಲಾಸ್ಮಾ ಪರದೆಯನ್ನು ರೂಪಿಸಿದರು. ಗಾಜುಗಳ ನಡುವೆ ಅನಿಲ ತುಂಬಿದ ಪುಟ್ಟ ಕೋಶಗಳು. ಒಂದು ಕೋಶ ಒಮ್ಮೆ ಬೆಳಗಿತೆಂದರೆ ಅದರ ಗೋಡೆಯ ಮೇಲೆ ವಿದ್ಯುದಾವೇಶ ಉಳಿಯುತ್ತದೆ, ಮುಂದಿನ ಸಾಧಾರಣ ವಿದ್ಯುತ್ ಮಿಡಿತಕ್ಕೂ ಅದು ಮತ್ತೆ ಬೆಳಗುತ್ತದೆ. ಬೆಳಗದ ಕೋಶ ಅದೇ ಮಿಡಿತಕ್ಕೆ ಕತ್ತಲಾಗಿಯೇ ಉಳಿಯುತ್ತದೆ. ಪಾಠ ಹೇಳುವ ಯಂತ್ರಕ್ಕೆಂದು ಹುಟ್ಟಿದ ಈ ಉಪಾಯ ದಶಕಗಳ ನಂತರ ಗೋಡೆಗೆ ತೂಗುಹಾಕುವ ಟಿ.ವಿ. ಆಗಿ ಬಂತು. ಕಂಪ್ಯೂಟರ್, ಗಾಜು, ಅನಿಲ, ಸರ್ಕಿಟ್, ಬೋಧನೆ ಇವೆಲ್ಲವನ್ನೂ ಬಲ್ಲವರು ಒಂದೇ ಆವರಣದಲ್ಲಿರದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ದೊಡ್ಡದಾದುದರ ಕೆಡುಕೂ ಇದೆ. ಮೊದಲ ವರ್ಷದ ತರಗತಿಯಲ್ಲಿ ನೂರಾರು ಮಂದಿ ಕುಳಿತಿದ್ದು, ಹೆಸರಾಂತ ಸಂಶೋಧಕರು ಅವರ ಕಡೆ ಮುಖವನ್ನೇ ಹಾಕದಿದ್ದರೆ, ಮೇಲೆ ಹೇಳಿದ ಲಾಭವೆಲ್ಲ ಅವರ ಪಾಲಿಗೆ ಇಲ್ಲದಂತೆಯೇ.

ಪ್ರಶ್ನೆ: ಕಂಪನಿಯ ಹಣದಿಂದ ನಡೆಯುವ ಸಂಶೋಧನೆಯ ಫಲಿತಾಂಶ ಯಾರದು? ನಾನು ಅಂಥದೊಂದು ಯೋಜನೆಗೆ ಸೇರಲಿದ್ದೇನೆ.

ಉತ್ತರ: ಅದನ್ನು ನಿರ್ಧರಿಸುವುದು ಒಪ್ಪಂದ. ಅಮೆರಿಕದಲ್ಲಿ 1980ರ ಬೇ–ಡೋಲ್ ಕಾಯಿದೆಯು ಕೇಂದ್ರ ಸರ್ಕಾರದ ಹಣದಿಂದ ಹುಟ್ಟಿದ ಆವಿಷ್ಕಾರದ ಹಕ್ಕನ್ನು ವಿಶ್ವವಿದ್ಯಾಲಯವೇ ಇರಿಸಿಕೊಳ್ಳಲು ಅವಕಾಶ ಕೊಟ್ಟಿತು, ಆದರೆ ಕಂಪನಿಯ ಹಣದ ಲೆಕ್ಕ ಬೇರೆ. ಪೇಟೆಂಟ್ ಅರ್ಜಿ ಹಾಕುವ ತನಕ ಪ್ರಕಟಣೆಯನ್ನು ಕೆಲವು ತಿಂಗಳು ತಡೆಹಿಡಿಯುವ ಷರತ್ತು ಸಾಮಾನ್ಯ, ಅದರಲ್ಲಿ ತಪ್ಪಿಲ್ಲ. ಆದರೆ ನಿಮ್ಮ ಪ್ರಬಂಧವನ್ನು ಸಲ್ಲಿಸಲು ಕಂಪನಿಯ ಅನುಮತಿ ಬೇಕೆಂದು ಒಪ್ಪಂದದಲ್ಲಿ ಬರೆದಿದ್ದರೆ, ಸಹಿ ಹಾಕುವ ಮೊದಲು ನಿಮ್ಮ ಮಾರ್ಗದರ್ಶಕರ ಬಳಿ ಆ ವಾಕ್ಯವನ್ನು ತೋರಿಸಿ, ತಡೆಗೆ ಒಂದು ನಿಶ್ಚಿತ ಗಡುವನ್ನು ಬರೆಸಿಕೊಳ್ಳಿ.