ಬಣ್ಣದ ಕಂಪನಿಯ ಥಿಯೊಡೋರ್ ಮ್ಯಾಂಡರ್
ವಿಕ್ಟೋರಿಯಾ ರಾಣಿ ಕಾಲದಲ್ಲಿ ಪೇಂಟ್ ಕಂಪನಿ ನಡೆಸುತ್ತಿದ್ದವರ ಬದುಕು ಹೇಗಿತ್ತು ಅಂತ ಕೇಳಿದ್ದೀರಲ್ಲ, ಥಿಯೊಡೋರ್ ಮ್ಯಾಂಡರ್ ಬಗ್ಗೆ ಹೇಳ್ತೀನಿ. ಹುಟ್ಟಿದ್ದು 1853ರಲ್ಲಿ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಇವರ ಮನೆತನದ ಮ್ಯಾಂಡರ್ ಬ್ರದರ್ಸ್ ಕಂಪನಿ ವಾರ್ನಿಷ್, ಪೇಂಟ್, ಅಚ್ಚಿನ ಶಾಯಿ ತಯಾರಿಸುತ್ತಿತ್ತು.

ನನಗೆ ಜಾಸ್ತಿ ಇಷ್ಟವಾಗುವುದು ಇವರ ಮನೆ. 1887ರಲ್ಲಿ ಕಟ್ಟಿಸಿ, 1893ರಲ್ಲಿ ದೊಡ್ಡದು ಮಾಡಿಸಿದರು. ಹೆಸರು ವಿಟಿಕ್ ಮ್ಯಾನರ್. ಹೊರಗೆ ಹಳೇ ಕಾಲದ ಹಾಗೆ ಕಪ್ಪು ಮರದ ಚೌಕಟ್ಟು. ಒಳಗೆ ಗೋಡೆ ತುಂಬಾ ಆ ಕಾಲದ ಹೆಸರಾಂತ ವಿನ್ಯಾಸಕ ವಿಲಿಯಂ ಮಾರಿಸ್ ಅವರ ಕಂಪನಿಯ ಹೂಬಳ್ಳಿ ಕಾಗದ, ಬಟ್ಟೆ. ಬಣ್ಣ ಮಾರಿ ಬಂದ ದುಡ್ಡನ್ನು ಎಷ್ಟು ಪ್ರೀತಿಯಿಂದ ಖರ್ಚು ಮಾಡಿದ್ದಾರೆ, ಅಲ್ವಾ?

ಊರಿನ ಮೇಯರ್ ಕೂಡ ಆಗಿದ್ದರು. ಆದರೆ 1900ರಲ್ಲಿ, ಬರೀ 47ನೇ ವಯಸ್ಸಿಗೆ ತೀರಿಕೊಂಡರು. ಮಗ ಜೆಫ್ರಿ 1937ರಲ್ಲಿ ಮನೆಯನ್ನು, ಹಳೇ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟರು. ಈಗ ಯಾರು ಬೇಕಾದರೂ ಹೋಗಿ ನೋಡಬಹುದು.